ಲಗಮಣ್ಣನ ಪರವಾಗಿ ನಾನು ಕೊಟ್ಟ ಉತ್ತರ

ಧಪ್ — ನಮ್ಮ ರವಿವಾರ ಪೇಟೆಯ ಅಂಗಡಿಯಲ್ಲಿ ಹಮಾಲರು ಅಕ್ಕಿಚೀಲ ಒಗೆದಾಗ ಕೇಳುತ್ತಿತ್ತಲ್ಲ, ಅಂಥದೇ ಸದ್ದು. ಆದರೆ ಅದರೊಳಗೆ ಮನುಷ್ಯರ ಉಸಿರೂ ಇರುತ್ತಿತ್ತು. ರಗ್ಬಿಯಲ್ಲಿ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ, ಎದುರಿನವರನ್ನು ಹಾಯುವ ಸ್ಕ್ರಮ್ಮಿನ ಸದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಮೈದಾನದಲ್ಲಿ, ಆ ಸದ್ದಿನ ಬದಿಯಲ್ಲೇ ನಿಂತು ನಾನು ಒಬ್ಬನ ಪಾಲಿನ ಆಟವನ್ನು ಕಸಿದುಕೊಂಡೆ. ತಿಳಿದೇ ಮಾಡಿದೆ — ಅದೂ ಚೊಕ್ಕ ಇಂಗ್ಲಿಷಿನಲ್ಲಿ.

ಅವನ ಹೆಸರು ಲಗಮಣ್ಣ. ಜಾಂಬೋಟಿ ಕಡೆಯ, ಎಮ್ಮೆ ಕಾಯುವ ಮನೆತನದವನು; ಖಾನಾಪುರದ ತಾಲೀಮಿನಲ್ಲಿ ಕುಸ್ತಿ ಕಲಿತವನು. ನನ್ನ ತಮ್ಮ ವಿಜಯ ಮಿಲಿಟರಿ ಆಫೀಸರರ ಜೊತೆ ಸೇರಿ ರಗ್ಬಿಯ ಹುಚ್ಚು ಹತ್ತಿಸಿಕೊಂಡಿದ್ದ. ತಂಡಕ್ಕೆ ಆಳು ಸಾಲದೆ ಇವನನ್ನು ಎಳೆದು ತಂದವನೂ ಅವನೇ. ಮೊದಲ ದಿನ ಲಗಮಣ್ಣ ಎದುರಿನವನನ್ನು ಎತ್ತಿ ಚಿತ್ ಮಾಡಿದವನೇ, ಚೆಂಡನ್ನು ಮರೆತು, ಗೆದ್ದೆನೆಂದು ಕೈ ಎತ್ತಿ ನಿಂತುಬಿಟ್ಟ.

“ಏ ಪೈಲ್ವಾನಾ, ಚೆಂಡ ಏನ್ ನಿಮ್ಮ ಎಮ್ಮಿ ಒಯ್ಯತೈತೇನೋ?” ವಿಜಯ ಕೂಗಿದ.

“ನೀವ ಒಯ್ರಿ ಅಣ್ಣಾರ, ನಾ ಇಂವನ್ನ ಒತ್ತಿ ಹಿಡ್ದಿರ್ತೀನಿ!”

ಒಂದೇ ಮಳೆಗಾಲದಲ್ಲಿ ಆಟ ಕಲಿತ. ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ಎಡಕ್ಕೆ ವಿಜಯ, ಬಲಕ್ಕೆ ಲಗಮಣ್ಣ. ಇಬ್ಬರಲ್ಲಿ ಯಾರು ಹೆಚ್ಚು ಎಂದರೆ — ನನಗೆ ಆಗಲೂ ಗೊತ್ತಿತ್ತು.

ದೇಶದ ತಂಡ ಅಧಿಕೃತವಾಗಿ ಅಂತರರಾಷ್ಟ್ರೀಯ ಪಂದ್ಯಕ್ಕಿಳಿದದ್ದು ಎಷ್ಟೋ ವರ್ಷಗಳ ಆಮೇಲೆ. ನಮ್ಮ ಕಾಲಕ್ಕೆ ಕಲ್ಕತ್ತೆ, ಮುಂಬೈಯ ಕ್ಲಬ್ಬಿನವರು ಒಂದಿಷ್ಟು ಪಲ್ಟನ್ನಿನವರನ್ನು ಕೂಡಿಸಿಕೊಂಡು ಹೊರದೇಶಕ್ಕೆ ಹೋಗಿ ಆಡಿಬಂದರೆ, ಅದೇ ನಮಗೆ ‘ಇಂಡಿಯಾ ಟೀಮ್’. ಅಂಥದೊಂದು ತಂಡ ಕೊಲಂಬೊಗೆ ಹೊರಟಿತ್ತು. ಆಟಗಾರರನ್ನು ಆರಿಸಲು ಕಲ್ಕತ್ತೆಯಿಂದ ಒಬ್ಬ ಇಂಗ್ಲಿಷ್ ಸಾಹೇಬರು ನಮ್ಮೂರಿಗೂ ಬಂದರು. ಪಂದ್ಯ ಮುಗಿದದ್ದೇ ನೆಟ್ಟಗೆ ಲಗಮಣ್ಣನ ಬಳಿ ಹೋದರು. ಚಹಾದ ಥರ್ಮಾಸ್ ಹಿಡಿದು ಬಾಜೂಕ ನಿಂತಿದ್ದ ನಾನು ದುಭಾಷಿಯಾದೆ. ಒಂದೇ ಜಾಗ ಉಳಿದಿದೆ, ಈತ ಬರುತ್ತಾನೆಯೇ, ಇಲ್ಲವಾದರೆ ನಿಮ್ಮ ತಮ್ಮನನ್ನು ಕರೆದೊಯ್ಯುತ್ತೇನೆ, ಈಗಲೇ ಹೇಳಬೇಕು — ಎಂದರು.

ನಾನು ಲಗಮಣ್ಣನಿಗೆ ‘ಕೊಲಂಬೊಕ್ಕ ಬರ್ತೀಯೇನು’ ಎಂದಷ್ಟೇ ಕೇಳಿದೆ. ಅವನು ಕಿವಿಯೊಳಗಿನ ಕೆಮ್ಮಣ್ಣು ಒರೆಸಿಕೊಂಡ.

“ವಸ್ತಾದರನ್ನ ಒಂದ ಮಾತ ಕೇಳ್ತೇನ್ರಿ ಅಕ್ಕಾರ. ಅವರು ಹೂಂ ಅಂದ್ರ ಬರ್ತೇನಂತ ಹೇಳ್ರಿ.”

ವಸ್ತಾದರೆಂದರೆ ತಾಲೀಮಿನ ಗುರುಗಳು. ಅವರನ್ನು ಕೇಳದೆ ಪೈಲ್ವಾನರು ಪರಸ್ಥಳದ ಆಟಕ್ಕೆ ಒಪ್ಪುವುದಿಲ್ಲ. ಕೇಳುವುದು ಮರ್ಯಾದೆ; ಗುರುಗಳು ಬೇಡವೆನ್ನುವುದಿಲ್ಲ. ನಮ್ಮ ಸೀಮೆಯ ಯಾರಿಗೇ ಆದರೂ ಆ ಮಾತಿನ ಅರ್ಥ ‘ಬರುತ್ತೇನೆ’ ಎಂದೇ. ಸಾಹೇಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

“ಸಾರಿ ಸರ್, ಹಿಸ್ ಟೀಚರ್ ವೋಂಟ್ ಅಲೌ ಇಟ್.” ಅವನ ಗುರುಗಳು ಬಿಡುವುದಿಲ್ಲ ಎಂದುಬಿಟ್ಟೆ.

ಸಾಹೇಬರು “ವಾಟ್ ಎ ಪಿಟಿ” ಎಂದು ಹಳಹಳಿಸಿ ವಿಜಯನ ಕಡೆ ತಿರುಗಿದರು. ಲಗಮಣ್ಣ ನನ್ನ ಮುಖ ನೋಡಿದ. “ಜಾಗಾ ತುಂಬ್ಯಾವಂತಪಾ” ಎಂದೆ. “ಇರ್ಲಿ ಬಿಡ್ರಿ,” ಎಂದು ನಕ್ಕ.

ತಮ್ಮನ ಮೇಲಿನ ಮಾಯೆ, ಮಮತೆ ಎಂದು ಬಹುಕಾಲ ನನಗೆ ನಾನೇ ಹೇಳಿಕೊಂಡೆ. ಖರೇ ಮಾತು ಬೇರೆ — ಎಮ್ಮೆ ಕಾಯುವವನು ಹಡಗು ಹತ್ತಿ, ನಮ್ಮವನು ದಂಡೆಯಲ್ಲಿ ಉಳಿಯುವುದು ನನಗೆ ಸೇರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕ್ರಿಶ್ಚನ್ ಹುಡುಗಿಯರನ್ನು ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಕನ್ಫೆಷನ್ನಿಗೆ ಕರೆದೊಯ್ದಾಗ ನಾವು ಲಿಂಗಾಯತರ ಹುಡುಗಿಯರು ಹೊರಗೆ ಕುಂಟಾಬಿಲ್ಲೆ ಆಡುತ್ತಿದ್ದೆವು, ನಮಗೆ ರಜಾ ಸಿಕ್ಕಿತೆಂದು! ಆ ರಜಾ ಇಷ್ಟು ವರ್ಷ ನಡೆಯಿತು ನೋಡಿ.

ಕೊಲಂಬೊದಲ್ಲಿ ವಿಜಯನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. ಬ್ಲೇಜರ್ ಹಾಕಿಕೊಂಡು ಮರಳಿದ. ನಿಜ ಹೇಳಿದ್ದು ನನ್ನೊಬ್ಬಳಿಗೆ. ಆಮೇಲೆ ಆಟವನ್ನೇ ಬಿಟ್ಟ, ತಂಡ ಚದುರಿತು, ಲಗಮಣ್ಣ ಎಮ್ಮೆಗಳ ಹೈನಕ್ಕೆ ಮರಳಿದ. ಈಗ ವಿಜಯನೂ ಇಲ್ಲ. ಅವನ ಹೆಸರು ಕೆಡುತ್ತದೆಂಬ ನೆಪವನ್ನು ನಾನು ಇನ್ನು ಮುಂದೆ ಮಾಡುವುದಿಲ್ಲ.

ಎಂಬತ್ತರ ದಶಕದಲ್ಲಿ ಒಮ್ಮೆ ಹಲಸಿಯ ಗುಡಿಗಳನ್ನು ನೋಡಿ ಮರಳುವಾಗ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಲಗಮಣ್ಣ ಸಿಕ್ಕ. ಕುತ್ತಿಗೆ ಹಾಗೇ ಇತ್ತು, ಕಂಬದಂತೆ.

“ಅಕ್ಕಾರ! ಬರ್ರಿ, ಇಲ್ಲಿ ಕುಂದರ್ರಿ. ಅಣ್ಣಾರು ಲಂಕಾದಾಗ ಚಲೋ ಆಡಿದ್ರಂತ, ಖರೇನ್ರಿ?”

ನಿಜ ಹೇಳಿಬಿಡಲೆಂದು ಬಾಯಿ ತೆರೆದೆ. “ಹೂಂ,” ಎಂದೆ. “ಭಾಳ ಚಲೋ ಆಡಿದ.”

ಲಗಮಣ್ಣನ ಮುಖ ಅರಳಿತು. “ನಾನೂ ಅವತ್ತ ಸಂಜಿಗೇ ವಸ್ತಾದರನ್ನ ಕೇಳಿ ಇಟ್ಟಿದ್ನಿರಿ. ಹೂಂ ಅಂದಿದ್ರು. ಮತ್ತೊಮ್ಮಿ ಕರದ್ರ ತಡಾ ಆಗಬಾರದಲ್ರಿ? ಆದ್ರ ಯಾರೂ ಕರೀಲಿಲ್ಲ ನೋಡ್ರಿ.”

ಬೆಳಗಾವಿಯ ಬಸ್ಸು ಬಂತು. ಬಾಗಿಲಲ್ಲಿ ಮುಗಿಬಿದ್ದ ಜನರೊಳಗೆ ಲಗಮಣ್ಣ ತಲೆ ತಗ್ಗಿಸಿ ಹೆಗಲು ಕೊಟ್ಟು ನುಗ್ಗಿದ. ಕಿಟಕಿಯ ಸೀಟಿಗೆ ಟವೆಲ್ ಹಾಸಿ, ನನ್ನನ್ನು ಕೂಡಿಸಿ, ಇಳಿದುಹೋದ. ನಾನು ಅವನನ್ನು ನೋಡಿದ್ದು ಅದೇ ಕೊನೆ.