ತೆರೆಯದ ಬಾಟಲಿ

ಮೊನ್ನೆ ತಂಗಿಯ ಮನೆಗೆಂದು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದ ಸೀಟಿನ ಹೆಂಗಸು ಮಗುವಿಗೆಂದು ಬೇಯಿಸಿದ ಮೊಟ್ಟೆಯ ಡಬ್ಬಿ ತೆಗೆದರು. ನಾನು ಮೂಗಿಗೆ ಟವೆಲ್ ಹಿಡಿದೆ. ನಗಬೇಡಿ, ಮೊಟ್ಟೆ ಮುಟ್ಟದ ಲಿಂಗಾಯತರ ಮನೆಯವನು ನಾನು. ಎಪ್ಪತ್ತು ದಾಟಿದರೂ ಈ ಚಾಳಿ ಹೋಗಿಲ್ಲ. ಆದರೆ ಆ ವಾಸನೆ ನನ್ನನ್ನು ಒಯ್ದದ್ದು ಒಂದು ಹಳೆಯ ಲ್ಯಾಬಿಗೆ.

ಹೈಸ್ಕೂಲು ಮುಗಿಸಿ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೆ. ಟೆಂಪರರಿ ಕೆಲಸ. ಬ್ಯಾಕ್ಟೀರಿಯಾಗಳಿಗೆ ಅಡುಗೆ ಮಾಡುವವನು ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತಿದ್ದೆ. ಉಪ್ಪು, ಸಕ್ಕರೆ ಅಳೆದು ಫ್ಲಾಸ್ಕಿನ ನೀರಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ದೊಡ್ಡ ಕುಕ್ಕರಿನಂಥದ್ದರಲ್ಲಿ ಬೇಯಿಸುವುದು. ಕಣ್ಣಿಗೆ ಕಾಣದ ನೆಂಟರು ಉಂಡು ಬೆಳೆದರೆ ನೀರು ಮಸುಕಾಗುತ್ತದೆ; ಸತ್ತರೆ ತಿಳಿಯಾಗಿಯೇ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಬಳಿ ಆ ಫ್ಲಾಸ್ಕುಗಳನ್ನು ನೋಡುತ್ತ ನಿಂತರೆ, ಒಂದೊಂದರಲ್ಲೂ ಒಂದೊಂದು ಊರು ಮಂಜಿನಿಂದ ಏಳುತ್ತಿರುವಂತೆ ಕಾಣುತ್ತಿತ್ತು.

ಭದ್ರಾವತಿಯಿಂದ ಸಂಶೋಧನೆಗೆ ಬರುತ್ತಿದ್ದವಳು ಸೆಲ್ವಿ. ಸೀಸದ ವಿಷ ಹಾಕಿದರೂ ಕೆಲವು ಬ್ಯಾಕ್ಟೀರಿಯಾ ಹೇಗೆ ಬದುಕುತ್ತವೆ ಎಂಬುದು ಅವಳ ಪ್ರಶ್ನೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದ ಪುಡಿ ಕೊಟ್ಟರೆ ಅವು ಅದನ್ನು ಒಡೆದು ಒಳಗಿನ ಗಂಧಕವನ್ನು ಹೊರಬಿಡುತ್ತವಂತೆ. ಅದು ವಿಷವನ್ನು ಹಿಡಿದು ಕಪ್ಪು ಗಸಿಯಾಗಿ ತಳದಲ್ಲಿ ಕೂರಿಸುತ್ತದಂತೆ. ಆಗ ಫ್ಲಾಸ್ಕು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಪುಡಿಯ ಬಾಟಲಿಗೂ ಅದೇ ವಾಸನೆ. ನಾನು ಮೂಗು ಮುಚ್ಚಿಕೊಂಡರೆ ಅವಳು, "ಮೊಟ್ಟೆ ಅಲ್ಲ ಮಾರಾಯ್ರೆ, ಪುಡಿ. ನಿಮ್ಮ ಶಿವ ಏನೂ ಅನ್ನಲ್ಲ, ಅವನೂ ವಿಷ ಕುಡಿದೋನೆ" ಎಂದು ರೇಗಿಸುತ್ತಿದ್ದಳು.

ಅವಳ ಗುರುಗಳಿಗೆ ಈ ಕೆಲಸದಲ್ಲಿ ನಂಬಿಕೆಯಿರಲಿಲ್ಲ. ಕೊನೆಯದಾಗಿ ಒಮ್ಮೆ ನೋಡುತ್ತೇನೆ ಎಂದಿದ್ದರು. ಅದಕ್ಕೆ ತಯಾರಿ ಮಾಡಬೇಕಾದ ದಿನ ಶ್ರಾವಣ ಸೋಮವಾರ, ನಾನು ಉಪವಾಸ. ಎಲ್ಲವನ್ನೂ ಅಳೆದು ಹಾಕಿದೆ. ಮೊಟ್ಟೆ ನಾರುವ ಆ ಪುಡಿಯ ಬಾಟಲಿಯೊಂದನ್ನು ಮಾತ್ರ ತೆರೆಯಲಿಲ್ಲ. ಚಿಟಿಕೆ ಪುಡಿ ಇಲ್ಲದಿದ್ದರೆ ಏನಾದೀತು ಅಂದುಕೊಂಡು, ಹಾಕಿದ್ದೇನೆಂದು ಪಟ್ಟಿಯಲ್ಲಿ ಗುರುತು ಮಾಡಿದೆ.

ಗುರುಗಳು ಬಂದಾಗ ಎಲ್ಲ ಫ್ಲಾಸ್ಕುಗಳಲ್ಲೂ ತಿಳಿನೀರು. ಈ ವಿಷಯ ಇಲ್ಲಿಗೆ ಬಿಡು ಎಂದು ಎಲ್ಲರೆದುರೇ ಹೇಳಿ ಹೋದರು. ಸೆಲ್ವಿ ಒಂದು ಫ್ಲಾಸ್ಕಿನ ಹತ್ತಿ ತೆಗೆದು ಮೂಸಿದಳು, ನನ್ನ ಕಡೆ ನೋಡಿದಳು. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಆ ವರ್ಷದ ಕೊನೆಗೆ ಅವಳು ಓದು ಬಿಟ್ಟು ತನ್ನೂರಿನಲ್ಲಿ ಟೀಚರಾದಳು.

ಅವಳ ಮನೆ ಎಲ್ಲಿದೆ ಎಂದು ಇಷ್ಟು ವರ್ಷವೂ ನನಗೆ ಗೊತ್ತಿತ್ತು. ಮೊನ್ನೆ ತಂಗಿಯ ಮನೆಗೆ ಹೋಗದೆ, ಅವಳಿರುವ ಭದ್ರಾವತಿಯ ಓಲ್ಡ್ ಟೌನಿನಲ್ಲೇ ಇಳಿದೆ. ಬಾಗಿಲು ತೆರೆದ ನರೆಗೂದಲಿನ ಸೆಲ್ವಿಗೆ ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

"ಗೊತ್ತು ಅಣ್ಣ. ವಾಸನೆನೇ ಇರಲಿಲ್ಲವಲ್ಲ. ನಾನು ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು" ಅಂದಳು. ಒಳಗೆ ಕರೆದು ಕುರ್ಚಿ ಸರಿಸುತ್ತ, "ನೀವೇ ಹೇಳ್ತೀರಿ ಅಂತ ಆ ವರ್ಷ ಪೂರ್ತಿ ಕಾದೆ" ಅಂದಳು.

ಕಾಫಿ ಕೊಟ್ಟಳು. ಕುಡಿದೆ.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮೊಟ್ಟೆ ಮಾರುವವನ ಗಾಡಿ ನನ್ನ ಕಿಟಕಿಯ ಕೆಳಗೇ ಬಂದು ನಿಂತಿತು. ಟವೆಲ್ ತೊಡೆಯ ಮೇಲಿತ್ತು. ಬಸ್ಸು ಹೊರಡುವವರೆಗೂ ಕಿಟಕಿ ತೆರೆದೇ ಕೂತಿದ್ದೆ.