ವೈವಾದಲ್ಲಿ ಕೇಳದೆ ಉಳಿದ ಪ್ರಶ್ನೆ

“ನಮ್ಮನೇಲಿ ಡಿಗ್ರಿಯಾ? ಅದು ಆಗೋ ಮಾತಲ್ಲ ಕಣವ್ವಾ.” ನಾನು ಬಿಬಿಎಗೆ ಸೇರಿದ ದಿನ ಹೀಗೆಂದವರು ನನ್ನ ದೊಡ್ಡಪ್ಪ. ಈ ಬೆಳಿಗ್ಗೆ ಅದೇ ಡಿಗ್ರಿ ಸರ್ಟಿಫಿಕೇಟಿನ ಪ್ರತಿ ತೆಗೆಸಲು ಹೊಳೆನರಸೀಪುರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಹೊರಬಿದ್ದ ಬಿಸಿ ಹಾಳೆಯ ವಾಸನೆ ಮೂಗಿಗೆ ಬಡಿಯಿತು. ಕಾಲೇಜಿನ ಮೇಷ್ಟ್ರು ಪಕ್ಕದಲ್ಲೇ ನಿಂತಂತಾಯಿತು...

ಕೊನೆಯ ವರ್ಷ ಅವರು ನಮಗೆ ಮಾರ್ಕೆಟಿಂಗ್ ಕಲಿಸುತ್ತಿದ್ದರು. ಜನರನ್ನು ಮಾತಾಡಿಸಿ ಪ್ರಾಜೆಕ್ಟ್ ಬರೆಯಬೇಕಿತ್ತು. ನಾವು ಬರೆಯುತ್ತಿರಲಿಲ್ಲ. ಹಾಸನದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಹಳೆಯ ವರದಿಗೆ ಊರಿನ ಹೆಸರು ಬದಲಿಸಿ, ಬೈಂಡ್ ಮಾಡಿ ಕೊಡುತ್ತಿದ್ದರು. ನಾನೂ ಅದನ್ನೇ ತಂದೆ. ಮೇಷ್ಟ್ರು ಒಂದು ಪುಟದಲ್ಲಿ ನಿಂತರು.

“‘ಹೊಳೆನರಸೀಪುರದ ಕಡಲ ತೀರದ ವ್ಯಾಪಾರಿಗಳು’... ನಮ್ಮ ಹೇಮಾವತಿ ಯಾವಾಗ ಸಮುದ್ರ ಆದ್ಳಮ್ಮಾ?”

ಕ್ಲಾಸೆಲ್ಲ ನಕ್ಕಿತು. ನನಗೆ ಸೊನ್ನೆ. ಆ ಅಂಕ ಇಲ್ಲದಿದ್ದರೆ ಡಿಗ್ರಿ ಇಲ್ಲ, ದೊಡ್ಡಪ್ಪನ ಮಾತೇ ನಿಜವಾಗುತ್ತಿತ್ತು. ಅಳುತ್ತಾ ನಿಂತೆ.

“ಒಂದು ವಾರ ಕೊಡ್ತೀನಿ. ಹತ್ತು ಜನರನ್ನ ನೀನೇ ಹೋಗಿ ಕೇಳು.”

ಸಗಟು ಮಂಡಿಗಳಿಗೆ ತೆಂಗಿನಕಾಯಿ ಮಾರಲು ಬಂದ ಒಂಬತ್ತು ಜನರನ್ನು ಕೇಳಿದೆ. ಹತ್ತನೆಯವರು ದೊಡ್ಡಪ್ಪ. “ಯಾಕ್ ದೊಡ್ಡಪ್ಪ, ಯಾವಾಗ್ಲೂ ಅದೇ ಮಂಡಿಗೇ ಕಾಯಿ ಆಕ್ತೀಯ?” ಉತ್ತರಕ್ಕೆ ಬೆಲೆ, ತೂಕ, ದೂರ ಎಂದು ಮೂರು ಚೌಕ ಬರೆದುಕೊಂಡಿದ್ದೆ.

“ನಿಮ್ಮಪ್ಪ ತೀರ್ಕಂಡಾಗ ಮದ್ಲು ಬಂದು ಎಗ್ಲು ಕೊಟ್ಟೋನು ಆ ಮಂಡಿಯೋನೇ ಕಣವ್ವಾ. ರೇಟು ಗೀಟು ಆಮ್ಯಾಕೆ.”

ಅದು ಯಾವ ಚೌಕಕ್ಕೂ ಸೇರಲಿಲ್ಲ. ಹಾಳೆಯ ಅಂಚಿನಲ್ಲಿ ಹಾಗೇ ಬರೆದೆ.

ಮೇಷ್ಟ್ರು ಅದನ್ನು ಬೆರಳಿಟ್ಟು ಓದಿದರು. ಎಂದಿನ ಕೆಮ್ಮು ಬಂತು. ಆಮೇಲೆ ಸೊನ್ನೆ ಹೊಡೆದುಹಾಕಿ ಅಂಕ ಬರೆದರು. “ವೈವಾದಲ್ಲಿ ಇದರ ಮೇಲೇ ಒಂದು ಪ್ರಶ್ನೆ ಕೇಳ್ತೀನಿ. ಈಗ ಹೇಳಲ್ಲ.”

ವೈವಾ ಎಂಬ ಆ ಮೌಖಿಕ ಪರೀಕ್ಷೆಗೆ ಐದು ದಿನ ಮೊದಲು ಮೇಷ್ಟ್ರು ತೀರಿಹೋದರು. ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತು, ಪುಟ ಮಗುಚಿ, “ಗುಡ್” ಎಂದು ಕಳಿಸಿದರು. ಇವತ್ತಿಗೂ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೆಮ್ಮು ಕೇಳಿದರೆ ತಿರುಗುತ್ತೇನೆ. ಮೇಷ್ಟ್ರು ಈಗ ಆ ಪ್ರಶ್ನೆ ಕೇಳುತ್ತಾರೆ ಎಂದು...

ಮಧ್ಯಾಹ್ನ ಮನೆಗೆ ಬಂದು ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗಿಟ್ಟೆ. ಟವೆಲ್ಲಿಗೆ ಕೈ ಒರೆಸಿಕೊಂಡು ತಗೊಂಡರು. ಓದಲು ಬಾರದು; ಮೊಹರನ್ನು ಬೆರಳಲ್ಲಿ ಸವರಿದರು.

“ಆಗಲ್ಲ ಅಂದಿದ್ದೆ. ಮಾಡ್ಬುಟ್ಟೆ ಬುಡು.” ಮೇಷ್ಟ್ರು ಕೇಳದೇ ಹೋದ ಪ್ರಶ್ನೆಯ ವಿಷಯ ಅವರಿಗೆ ಹಿಂದೆಯೇ ಹೇಳಿದ್ದೆ; ಹಾಳೆ ಮರಳಿಸುತ್ತಾ ಕೇಳಿದರು: “ಅಲ್ಲ ಕಣವ್ವಾ, ನಾ ಅಂದಿದ್ ಮಾತ್ಗೆ ನಿಮ್ ಮೇಷ್ಟ್ರು ಇನ್ನೇನ್ ಕೇಳ್ಬೇಕು ಅಂತಿದ್ರೋ?”