ಮೂರು ಬೆರಳಿನ ಜೋಲು

ಅವ್ವನ ಟ್ರಂಕು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಗ್ರೀಸಿನ ವಾಸನೆ. ಹೆಣ್ಣುಮಗಳ ಟ್ರಂಕಿನಲ್ಲಿ ಅತ್ತರು ಇರಬೇಕು, ನುಸಿಗುಳಿಗೆ ಇರಬೇಕು, ಮದುವೆ ಸೀರೆಯ ಹಳೆಯ ಮಡಿಕೆಯ ವಾಸನೆ ಇರಬೇಕು. ಅವೂ ಇದ್ದವೆನ್ನಿ. ಆದರೆ ಅವನ್ನೆಲ್ಲ ಪಕ್ಕಕ್ಕೆ ತಳ್ಳಿ ಮುಂದೆ ಬಂದದ್ದು ಆ ಕರಿ ಗ್ರೀಸೇ. ಬೆಟಗೇರಿಯ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಸೀರೆಗಳನ್ನು ಒಂದೊಂದಾಗಿ ಎತ್ತಿಟ್ಟೆ. ತಳದಲ್ಲಿ, ಅಪ್ಪನ ರುಮಾಲಿನಲ್ಲಿ ಸುತ್ತಿಟ್ಟ ಗಾದಿ ಹೊಲಿಯುವ ದಾರದ ಉಂಡೆ ಸಿಕ್ಕಿತು. ಮೇಣ ತಿಕ್ಕಿದ ದಪ್ಪ ದಾರ, ಎರಡು ಮಾರಿನಷ್ಟು ಉದ್ದ ಮಾತ್ರ ಕರ್ರಗಾಗಿತ್ತು. ಮೂಗಿಗೆ ಹಿಡಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಹೆಮ್ಮೆ. ಅಳು ಆಮೇಲೆ ಬಂತು, ಅದನ್ನೇನು ಹೇಳುವುದು.

ಮುಂಡರಗಿಯ ನಮ್ಮ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಯಾರದೋ ಎರಡು ಅಂತಸ್ತಿನ ಕಟ್ಟಡ ನಿಂತಿದೆ, ಅಂಗಳವೆಂಬುದೇ ಇಲ್ಲ. ನಮ್ಮದು ಅಂಗಳವೇ ದೊಡ್ಡದಿದ್ದ ಮನೆ. ನಾವು ಗಾದಿ ಮಾಡುವ ಪಿಂಜಾರರು. ಹಿಂದಿನ ಪಡಸಾಲೆಯಲ್ಲಿ ಅವ್ವ ಹುಸೇನಬಿ ಹಳೆಯ ಗಾದಿಗಳ ಹೊಟ್ಟೆ ಬಿಚ್ಚಿ ಹತ್ತಿ ಹಿಂಜುತ್ತಿದ್ದಳು. ಮುಂದಿನ ಅಂಗಳದಲ್ಲಿ ಅಪ್ಪ ರಾಜೇಸಾಬನ ಹಳೆಯ ಚೈನ್ ಲೋಡರ್ ನಿಂತಿರುತ್ತಿತ್ತು. ಮುಂದೆ ಮಣ್ಣು ಬಾಚುವ ಬಕೆಟ್ಟು, ಕೆಳಗೆ ಟೈರಿನ ಬದಲು ಎರಡೂ ಕಡೆ ಕಬ್ಬಿಣದ ಪಟ್ಟಿಗಳ ಚೈನು. ಬಣ್ಣ ಯಾವುದಿತ್ತು ಎಂದು ಅದನ್ನು ಮಾಡಿದವನೂ ಹೇಳಲಾರ, ಅಷ್ಟು ತುಕ್ಕು. ಗಾಳಿ ಬೀಸಿದರೆ ಅವ್ವನ ಹತ್ತಿಯ ಎಳೆ ಹಾರಿ ಬಂದು ಅಪ್ಪನ ಗ್ರೀಸಿಗೆ ಅಂಟುತ್ತಿತ್ತು. ಅಪ್ಪ ಬೈಯುತ್ತ ಅದನ್ನು ಬಿಡಿಸುತ್ತಿದ್ದ, ಅವ್ವ ಒಳಗಿಂದಲೇ ನಗುತ್ತಿದ್ದಳು. ಆ ಎರಡು ವಾಸನೆ ಕೂಡಿದರೇ ನನಗೆ ಮನೆ. ನಿಮಗೂ ಇಂಥದೊಂದು ವಾಸನೆ ಇರುತ್ತದೆ, ಮನೆ ಬಿದ್ದರೂ ಅದು ಬೀಳುವುದಿಲ್ಲ.

ಆ ಗಾಡಿ ಬರುವ ಮೊದಲು ಅಪ್ಪ ಬೇರೆಯವರ ಗಾಡಿ ನಡೆಸುತ್ತ ಊರೂರು ತಿರುಗುತ್ತಿದ್ದ. ರಮಜಾನಿಗೊಮ್ಮೆ, ಪೀರಲ ಹಬ್ಬಕ್ಕೊಮ್ಮೆ ಮನೆಗೆ ಬರುತ್ತಿದ್ದ. ನಾನು ಆರು ವರ್ಷದವಳಿದ್ದಾಗ ಹಾಗೊಮ್ಮೆ ಬಂದ ಅಪ್ಪನನ್ನು ಬಾಗಿಲಲ್ಲಿ ನೋಡಿ, "ಅವ್ವಾ, ಯಾರೋ ಬಂದಾರ ನೋಡು" ಎಂದು ಕೂಗಿ ಒಳಗೆ ಓಡಿದ್ದೆನಂತೆ. ಅಪ್ಪ ಹೊಸ್ತಿಲ ಮೇಲೆಯೇ ಕೂತುಬಿಟ್ಟನಂತೆ. ಮರುವರ್ಷ, ಸಿಂಗಟಾಲೂರು ಕಡೆ ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಗುತ್ತಿಗೆದಾರನಿಂದ ಈ ಮುದಿ ಲೋಡರನ್ನು ಕೊಂಡು ತಂದ. ಗಾಡಿ ಅಂಗಳದಲ್ಲಿದ್ದರೆ ಅಪ್ಪ ಮನೆಯಲ್ಲಿ, ಗಾಡಿ ಹೋದರೆ ಅಪ್ಪನೂ ಹೋದಂತೆ. ಹನ್ನೊಂದು ವರ್ಷಕ್ಕೆ ನನಗೆ ಲೋಕದ ಲೆಕ್ಕ ಗೊತ್ತಿದ್ದದ್ದು ಇಷ್ಟೇ. ಅದಕ್ಕೇ ಯಾರಾದರೂ ಅದನ್ನು ಡಕೋಟಾ ಗಾಡಿ ಎಂದರೆ ನಾನು ಕೈ ಮಾಡುತ್ತಿದ್ದೆ. ಒಬ್ಬ ಹುಡುಗನ ಮುಂಗೈಗೆ ಹಲ್ಲೂ ಊರಿದ್ದೇನೆ. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆ ಬೇಸಿಗೆಯಲ್ಲಿ ಡೋಣಿ ಎಂಬ ಊರಿನವರು ತಮ್ಮ ಕೆರೆಯ ಹೂಳು ತೆಗೆಯಲು ಅಪ್ಪನನ್ನು ಕರೆದರು. ಶಾಲೆಗೆ ರಜೆ ಇದ್ದುದರಿಂದ ನಾವೂ ಹೋದೆವು. ಅಲ್ಲಿಯ ಮನೆಗಳಲ್ಲಿ ಅವ್ವನಿಗೂ ಗಾದಿಯ ಕೆಲಸ ಸಿಕ್ಕಿತು. ಕೆಲಸಕ್ಕೆ ಮುಂದಾಳು ಊರ ಹಿರಿಯ ಫಕೀರಪ್ಪಜ್ಜ. ಮಳೆಗಾಲ ಕಾಲಬುಡಕ್ಕೆ ಬಂದಿತ್ತು, ಅಷ್ಟರಲ್ಲಿ ಕೆರೆ ತೋಡಿ ಮುಗಿಯಬೇಕು. ಎರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಮುಂಜಾನೆ, ಹೂಳು ತುಂಬಿಕೊಂಡು ಕೆರೆಯಿಂದ ಏರಿ ಬಂದು ಬಲಕ್ಕೆ ಹೊರಳುವಾಗ ಖಡಲ್ ಎಂದು ಬಲಗಡೆಯ ಚೈನು ಒಳಗಿನ ಗಾಲಿಗಳಿಂದ ಜಾರಿ ಬಿತ್ತು. ಬಿದ್ದ ಚೈನು ಏರಿಸುವುದೆಂದರೆ ಹುಡುಗಾಟವಲ್ಲ. ಜಾಕು, ಸಲಾಕೆ, ಹತ್ತು ಜನರ ಹೆಗಲು ಬೇಕು. ಮಧ್ಯಾಹ್ನದವರೆಗೆ ಹೆಣಗಿ ಏರಿಸಿದರು. ಸಂಜೆ ಅದೇ ಹೊರಳಿನಲ್ಲಿ ಮತ್ತೆ ಬಿತ್ತು. ರಾತ್ರಿ ದೀಪ ಹಿಡಿದು ಮತ್ತೆ ಏರಿಸಿದರು.

ಚೈನು ಸಡಿಲವಾದರೆ ಹೀಗೆ ಬೀಳುತ್ತದೆ, ಅಪ್ಪನಿಗೆ ಅದು ಗೊತ್ತಿಲ್ಲದ್ದೇನಲ್ಲ. ಅವನ ಅಳತೆಯ ರೀತಿಯೇ ಒಂದಿತ್ತು. ಗಾಡಿಯನ್ನು ಸ್ವಲ್ಪ ಮುಂದಕ್ಕೆ ಓಡಿಸಿ, ಬ್ರೇಕು ಹಾಕದೆ ತಾನೇ ನಿಲ್ಲಲು ಬಿಡಬೇಕು. ಚೈನಿನ ಬೆನ್ನ ಮೇಲೆ ಅವ್ವನ ಗಾದಿ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ದಾರಕ್ಕೂ ಕೆಳಗೆ ಜೋತ ಚೈನಿಗೂ ನಡುವೆ ಅಪ್ಪನ ಮೂರು ಬೆರಳು ಹಿಡಿದರೆ ಸರಿ. ಹೆಚ್ಚು ಹಿಡಿದರೆ ಸಡಿಲ, ಕಡಿಮೆ ಹಿಡಿದರೆ ಬಿಗಿ. ಎರಡೂ ಸಲ, ಮೇಲೆ ಏರುವ ಮೊದಲು ಕೆರೆಯ ತಳದಲ್ಲೇ ಅಳೆದಾಗ ಜೋಲು ಮೂರೇ ಬೆರಳು ಇತ್ತು.

"ನನ್ನ ಬೆರಳು ಸುಳ್ಳು ಹೇಳಂಗಿಲ್ಲ" ಎಂದ ಅಪ್ಪ.

"ಬೆರಳ ಖರೆ ಇರಬಹುದಪಾ ರಾಜೇಸಾಬ, ಗಾಡಿ ಮುದಿ ಐತಿ" ಎಂದರು ಫಕೀರಪ್ಪಜ್ಜ. ಅವರು ಕೆಟ್ಟವರಲ್ಲ, ಆದರೆ ಊರು ಅವರ ಮುಖ ನೋಡುತ್ತಿತ್ತು. "ಮಳಿ ನಮ್ಮ ಸಲುವಾಗಿ ಕಾಯಂಗಿಲ್ಲ. ನಾಳೆ ಮತ್ತ ಬಿತ್ತಂದ್ರ ನಾವು ಬ್ಯಾರೆ ಗಾಡಿ ತರಸ್ತೀವಿ. ಸಿಟ್ಟ ಮಾಡ್ಕೋಬ್ಯಾಡ."

ಅಪ್ಪನದು ಮೊದಲೇ ಮೂಗಿನ ತುದಿಯ ಸಿಟ್ಟು. ಇಡೀ ಊರು ಕೇಳುವಂತೆ ಅಂದುಬಿಟ್ಟ: "ನಾಳೆ ಬಿತ್ತಂದ್ರ ಇದನ್ನ ಸೀದಾ ಗುಜರಿಗೆ ಹಾಕತೀನ್ರಿ ಅಜ್ಜಾ. ಮತ್ತ ಪರದೇಶಕ್ಕ ಹೋಗಿ ದುಡೀತೀನಿ." ಆಡಿದ ಮಾತು ನುಂಗುವ ಮನುಷ್ಯನಲ್ಲ ಅವನು. ಪರದೇಶವೆಂದರೆ ಮತ್ತೆ ಬೇರೆಯವರ ಗಾಡಿ, ಬೇರೆ ಊರು, ವರ್ಷಕ್ಕೆರಡು ಸಲದ ಅಪ್ಪ.

ಮರುದಿನ ಬೆಳಕು ಹರಿಯುತ್ತಲೇ ಅವ್ವ ನನ್ನನ್ನು ಕರೆದುಕೊಂಡು ಆ ಹೊರಳಿಗೆ ಹೋದಳು. ಹಿಂದಿನ ದಿನವೆಲ್ಲ ಏರಿಯ ಮೇಲಿನ ಬೇವಿನ ನೆರಳಲ್ಲಿ ಗಾದಿ ಹೊಲಿಯುತ್ತ ಕೂತಿದ್ದಳಲ್ಲ, ಅವಳ ಕಣ್ಣು ಸೂಜಿಯ ಮೇಲಷ್ಟೇ ಇರಲಿಲ್ಲ. ದಾರಿಯುದ್ದಕ್ಕೂ ಬಿದ್ದಿದ್ದ ಕರಿ ಹೆಂಟೆಗಳನ್ನು ಕಾಲಿನಿಂದ ಹೊರಳಿಸಿ ನೋಡಿದಳು. ಕೆರೆಯ ತಳದ ಜಿಗಟು ಎರೆಮಣ್ಣು, ಮೇಲೆ ಕಪ್ಪತಗುಡ್ಡದ ಕೆಂಪು ಗರಸು. ಕರಿ ಮಣ್ಣು ಕೆಂಪು ದಾರಿಗೆ ಬಂದು ಬಿದ್ದಿತ್ತು. ಅವ್ವ ಸೀದಾ ಗಾಡಿಯ ಬಳಿ ಹೋಗಿ ಚೈನಿನೊಳಗೆ ಕೈ ಹಾಕಿದಳು. ಗಾಲಿಗಳ ಸಂದಿಯಲ್ಲೆಲ್ಲ ಹೂಳು ಮೆತ್ತಿ ಕಲ್ಲಾಗಿತ್ತು.

"ಗಾಡಿ ಯಾಕ ತೊಳದಿಲ್ರಿ?" ಎಂದಳು.

"ಕುಡಿಯೂ ನೀರಿಗೆ ಸಾಲು ಹಚ್ಚೂ ಊರಾಗ ಗಾಡಿ ತೊಳೀಲೇನು? ನಾಚಿಗಿ ಬರೂದಿಲ್ಲ?" ಎಂದ ಅಪ್ಪ. ಅವನು ಹಾಗೆಯೇ. ಗ್ರೀಸಿನ ಕೈಗೂ ಅಲ್ಲಿ ಒಂದು ತಂಬಿಗೆ ನೀರು ಕೇಳಿರಲಿಲ್ಲ, ಮಣ್ಣಿನಲ್ಲೇ ತಿಕ್ಕಿಕೊಳ್ಳುತ್ತಿದ್ದ.

"ಗಂಟು ತುಂಬಿದ ಗಾದಿ ಮ್ಯಾಲಿಂದ ಬಿಗೀನ ಕಾಣತೈತಿ. ಗಂಟು ತಗದ ಮ್ಯಾಲ ಅದರ ಬಂಡವಾಳ ತಿಳಿಯೂದು. ಮಣ್ಣ ಕೆದರ್ರಿ, ಆಮ್ಯಾಲ ಬೆರಳ ಇಡ್ರಿ."

"ಗಾದಿ ಹೊಲಿಯಾಕಿ ನನಗ ಚೈನ್ ಕಲಸಾಕ ಬಂದಿ?"

"ಹೌದು, ಕಲಸ್ತೀನಿ. ಕೂಲಿ ಕೊಡಬ್ಯಾಡ್ರಿ."

ಅಪ್ಪ ಮುಖ ಗಂಟಿಕ್ಕಿ ನಿಂತ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ, ಯಾರದೋ ಮನೆಯಿಂದ ಕಳೆ ತೆಗೆಯುವ ಕುರ್ಚಗಿ ತಂದು ಮಣ್ಣು ಕೆದರತೊಡಗಿದಳು. ನಾನೊಂದು ಕಡ್ಡಿ ಹಿಡಿದೆ. ಸ್ವಲ್ಪ ಹೊತ್ತಿಗೆ ಅಪ್ಪನೂ ಸಲಾಕೆ ತಂದ. ಎರಡೂ ಕಡೆ ಕೆದರಿದೆವು, ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಬುಟ್ಟಿಗಟ್ಟಲೆ ಮಣ್ಣು ಬಿದ್ದಿತ್ತು. ಅಪ್ಪ ಗಾಡಿಯನ್ನು ನಾಲ್ಕು ಮಾರು ಓಡಿಸಿ ನಿಲ್ಲಿಸಿದ. ಬಲಗಡೆಯ ಚೈನಿನ ಮೇಲೆ ಅವ್ವ ದಾರದ ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ. ಅಪ್ಪ ಬೆರಳು ಇಟ್ಟ. ಮೂರು ಬೆರಳಲ್ಲ, ಹೆಬ್ಬೆರಳೂ ಸೇರಿ ಇಡೀ ಅಂಗೈ ಸಲೀಸಾಗಿ ಹೋಯಿತು. ತಳದಲ್ಲಿದ್ದಾಗ ಮೆತ್ತಿದ ಮಣ್ಣು ಚೈನನ್ನು ಬಿಗಿಯಾಗಿ ತೋರಿಸುತ್ತಿತ್ತು. ಗರಸಿಗೆ ಏರಿ ಅಲುಗಾಡಿದೊಡನೆ ಅದು ಉದುರಿ, ಹೊರಳಿನಲ್ಲಿ ಚೈನು ಜೋತುಬೀಳುತ್ತಿತ್ತು. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು ತನ್ನ ಬೆರಳನ್ನೇ ನೋಡಿಕೊಂಡ.

ಆಮೇಲೆ ಗ್ರೀಸ್ ಪಂಪು ಬಂತು. ಮುಂದಿನ ದೊಡ್ಡ ಗಾಲಿಯ ಹಿಂದಿರುವ ಕೊಳವೆಗೆ ಗ್ರೀಸು ಒತ್ತಿದರೆ ಅದು ಗಾಲಿಯನ್ನು ಮುಂದಕ್ಕೆ ನೂಕುತ್ತದೆ, ಚೈನು ಬಿಗಿಯುತ್ತದೆ. ಒತ್ತಿದ, ಓಡಿಸಿದ, ಅಳೆದ. ಮತ್ತೆ ಒತ್ತಿದ. ಜೋಲು ಮೂರು ಬೆರಳಿಗೆ ಬಂತು. ಹೆದರಿದ ಮನುಷ್ಯ, ಇರಲಿ ಎಂದು ಇನ್ನೂ ಒತ್ತಲು ಹೋದ. ಅವ್ವ ಪಂಪಿನ ಹಿಡಿಕೆಯ ಮೇಲೆ ಕೈಯಿಟ್ಟಳು.

"ಸಾಕ್ರಿ. ಮತ್ತ ಹಸಿ ಮಣ್ಣಿಗೆ ಇಳಿಯೂದೈತಿ, ಅದೂ ಒಂದಿಷ್ಟು ಬಿಗಿ ಮಾಡತೈತಿ. ಈಗ ಎಳದ್ರ ಹರೀತೈತಿ."

ಊರೆಲ್ಲ ಏರಿಯ ಮೇಲೆ ನೆರೆದಿತ್ತು. ಗಾಡಿ ಇಳಿಯಿತು, ಬಕೆಟ್ಟು ತುಂಬಿಕೊಂಡಿತು, ಏರಿ ಬಂತು. ಹೊರಳಿನ ಮೊದಲು ಅಪ್ಪ ಗಾಡಿ ನಿಲ್ಲಿಸಿದ. ಅವ್ವ ಹೋಗಿ ಕುರ್ಚಗಿಯಿಂದ ಮಣ್ಣು ಕೆದರಿ ಹಿಂದೆ ಸರಿದಳು. ನಾನು ಕಣ್ಣು ಮುಚ್ಚಿ ಕಿವಿ ಮಾತ್ರ ತೆರೆದಿದ್ದೆ. ಖಡಲ್ ಸದ್ದಿಗೆ ಕಾದೆ. ಚೈನು ಕರಕರ ಎನ್ನುತ್ತ ಬಲಕ್ಕೆ ಹೊರಳಿತು, ಮುಂದಕ್ಕೆ ಹೋಯಿತು, ಸದ್ದು ದೂರವಾಯಿತು. ಕಣ್ಣು ತೆರೆದಾಗ ಫಕೀರಪ್ಪಜ್ಜ ನಗುತ್ತಿದ್ದರು: "ನೋಡ್ರಲೇ, ಗಾದಿ ಹೊಲಿಯೂ ಹೆಣ್ಮಗಳು ಚೈನೂ ಹೊಲದ ಬಿಟ್ಲು!"

ಅಪ್ಪ ಮೇಲಿನಿಂದಲೇ ಕೂಗಿದ: "ಖರೇನ ಆಕೀದ ಕೆಲಸ ಅಜ್ಜಾ, ನಂದೇನಿಲ್ಲ!" ಹೆಂಡತಿಯ ಹೆಸರಿಗೆ ಇಡೀ ಊರ ಮುಂದೆ ಗೆಲುವು ಬರೆದುಕೊಟ್ಟ ಗಂಡಸನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ, ಆಮೇಲೂ ಹೆಚ್ಚೇನು ನೋಡಿಲ್ಲ. ಮರುದಿನದಿಂದ ಆ ಹೊರಳಿನಲ್ಲಿ ಕುರ್ಚಗಿ ಹಿಡಿದು ನಿಂತವರು ಸ್ವತಃ ಫಕೀರಪ್ಪಜ್ಜ. ಮಳೆಗೆ ಮುಂಚೆ ಕೆರೆ ಮುಗಿಯಿತು. ಮತ್ತೆ ಎಷ್ಟೋ ವರ್ಷ, ಎಲ್ಲಿ ಚೈನು ಅಳೆಯುವುದಿದ್ದರೂ ಅಪ್ಪ ಮೊದಲು ಕೂಗುತ್ತಿದ್ದುದು, "ಹುಸೇನಬೀ, ದಾರ ತಗೊಂಡ ಬಾ." ನನ್ನ ಮದುವೆಯ ದಿನವೂ ಅಪ್ಪ ಮನೆಯಲ್ಲೇ ಇದ್ದ, ಉಗುರಿನಲ್ಲಿ ಗ್ರೀಸು ಇಟ್ಟುಕೊಂಡೇ ನನ್ನ ತಲೆ ಸವರಿದ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಎರಡು ಮಳೆಗಾಲ ಅಂಗಳದಲ್ಲೇ ನಿಂತಿತ್ತು. ಕೊನೆಗೆ ಗುಜರಿಯವರು ಬಂದರು. ಚೈನು ಬಿಚ್ಚಲು ಬಿಗಿತ ಇಳಿಸಬೇಕಿತ್ತು. ಒಬ್ಬ ಹುಡುಗ ಪಾನಾ ಹಿಡಿದು ಗ್ರೀಸಿನ ವಾಲ್ವಿನ ಎದುರಿಗೇ ಬಗ್ಗಿದ. "ಸರಿ ಅತ್ತಾಗ, ಮಾರಿಗೆ ಹೊಡೀತೈತಿ" ಎಂದು ಅವ್ವ ಅವನನ್ನು ಹಿಂದಕ್ಕೆ ಎಳೆದು, ತಾನೇ ಪಕ್ಕಕ್ಕೆ ನಿಂತು ವಾಲ್ವನ್ನು ಅರ್ಧ ಸುತ್ತು ಬಿಚ್ಚಿದಳು. ಗ್ರೀಸು ನಿಧಾನ ಹೊರಬಂತು, ಚೈನು ಇಷ್ಟಿಷ್ಟೇ ಜೋಲತೊಡಗಿತು. ಅವ್ವ ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಳು. "ಆತು, ಇನ್ನ ಮಲಗು" ಎಂದಳು. ಗಾಡಿಗೋ, ಅಪ್ಪನಿಗೋ ನಾನು ಕೇಳಲಿಲ್ಲ.

ಈಗ ಅವ್ವನೂ ಇಲ್ಲ. ಉಂಡೆ ಬಿಚ್ಚಿ ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ, ಅವಳು ಹಿಡಿಯುತ್ತಿದ್ದ ತುದಿಯನ್ನು. ನನ್ನ ತುದಿಯನ್ನು ನಾನು ಹಿಡಿದು, ಆವತ್ತಿನಂತೆಯೇ ಹಿಂದೆ ಸರಿದು ಎಳೆದೆ. ದಾರ ಪಡಸಾಲೆಯ ಉದ್ದಕ್ಕೂ ನೆಟ್ಟಗೆ ನಿಂತಿತು. ಕೈ ಸೋಲುವವರೆಗೆ ಬಿಡಲಿಲ್ಲ.